ಸಹಾಯ ಬೇಕು: ಎಕ್ಸಲರೇಟರ್ ಬಿಟ್ರ ಗಾಡಿ ಬಂದ್ ಆಗ್ತದ್ರಿ

ನಮಸ್ಕಾರ್ರಿ, ಕಲಬುರಗಿಯಿಂದ. ನಮ್ಮಪ್ಪಾರ 1997ರ ಮಾರುತಿ 800, ಕಾರ್ಬ್ಯುರೇಟರ್ (ಗಾಳಿ-ಪೆಟ್ರೋಲ್ ಕೂಡಿಸೋ ಭಾಗ) ಇರೋ ಗಾಡಿ. ಮುಂಜಾನಿ ಚೋಕ್ (ಗಾಳಿ ಕಡಿಮಿ ಮಾಡಿ ಪೆಟ್ರೋಲ್ ಪಾಲು ಹೆಚ್ಚಿಸೋ ಗುಂಡಿ) ಎಳದ್ರ ಛಲೋ ಚಾಲೂ ಆಗ್ತದ. ಇಂಜಿನ್ ಬಿಸಿ ಆದ ಮ್ಯಾಲ ಐಡಲಿಂಗ್ (ಎಕ್ಸಲರೇಟರ್ ಒತ್ತದೇ ಇಂಜಿನ್ ಓಡೋದು) ಹಿಡಿಯಂಗಿಲ್ಲ. ನಿನ್ನಿ ಜಗತ್ ಸರ್ಕಲ್‌ನ್ಯಾಗ ಮೂರು ಸಲ ಬಂದ್ ಬಿತ್ತು, ಹಿಂದ ಅವ್ವ ಕೂತಿದ್ರು, ನಮ್ಮ ಬಿಸಿಲು ನಿಮಗ ಗೊತ್ತೇ ಅದ.

ಪ್ಲಗ್, ಏರ್ ಫಿಲ್ಟರ್ ಹೊಸಾವು. ಬಿಸಿ ಇದ್ದಾಗ ಚೋಕ್ ಸ್ವಲ್ಪ ಎಳದ್ರ ಸುಧಾರಿಸ್ತದ. ಇಂಜಿನ್ ತಣ್ಣಗಿದ್ದಾಗ ಚಾಲೂ ಮಾಡಿ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ (ಇಂಜಿನ್‌ಗೆ ಗಾಳಿ-ಪೆಟ್ರೋಲ್ ಒಯ್ಯೋ ಕೊಳವಿ ಜೋಡಣಿಯ ಸೀಲ್) ಹತ್ರ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡದೆ, ಇಂಜಿನ್ ಸಪ್ಪಳ ಏರಿತು. ಅಲ್ಲೇ ಗಾಳಿ ಎಳೀಲಿಕ್ಕತ್ತದ ಅಂತ ನನ್ನ ಅಂದಾಜು. ಮೆಕ್ಯಾನಿಕ್ ಐಡಲ್ ಸ್ಕ್ರೂ (ಐಡಲಿಂಗ್ ವೇಗ ಹೆಚ್ಚು-ಕಡಿಮಿ ಮಾಡೋದು) ತಿರುವಿ ಕಳಿಸ್ತಾರ, ಅದು ರೋಗ ಮುಚ್ಚಿದಂಗ ಅಷ್ಟ.

ಗ್ಯಾಸ್ಕೆಟ್ ಮನ್ಯಾಗೇ ಬದಲಿಸಬಹುದೇನ್ರಿ? ಮೊದಲು ಐಡಲ್ ಜೆಟ್ (ಐಡಲಿಂಗ್‌ಗೆ ಪೆಟ್ರೋಲ್ ಬಿಡೋ ಸಣ್ಣ ತೂತಿನ ಭಾಗ) ಬಿಚ್ಚಿ ತೊಳೀಬೇಕೋ? ಮಾಡಿದವರು ಇದ್ರ ದಯಮಾಡಿ ಹೇಳ್ರಿ.