ಐದನೇ ತಿಂಗಳಾಗ ಎದಿ ಉರಿ, ಹೊಟ್ಟಿ ಸಾಫ್ ಆಗಂಗಿಲ್ಲ: ನೀವೇನ್ ತಿಂತಿದ್ರಿ?

ಕಲಬುರಗಿಯಿಂದ:
ಅಕ್ಕಂದಿರೇ, ನಂದು ಚೊಚ್ಚಲ. ವಾಂತಿ ನಿಂತದ, ಆದ್ರ ರಾತ್ರಿ ಎದಿ ಉರಿ ಭಾಳ. ಕಬ್ಬಿಣದ ಗುಳಗಿ ಚಾಲೂ ಆದ ಮ್ಯಾಲ ಮುಂಜಾನಿ ಹೊಟ್ಟಿ ಸಾಫ್ ಆಗಂಗಿಲ್ಲ. ನಮ್ಮತ್ತಿ "ಗುಳಗಿ ಬಿಡು, ಕೂಸು ಕಪ್ಪಾಗ್ತದ" ಅಂತಾರ. ಈ ಬಿಸಲಾಗ ಊಟಾನೂ ಸೇರವಲ್ದು. ನಿಮಗ ಏನು ತಿಂದ್ರ ಆರಾಮ ಆಯ್ತು, ಹೇಳ್ರಿ.

ಸೇಡಂ:
ಗುಳಗಿ ಮಾತ್ರ ಬಿಡಬ್ಯಾಡವ್ವ. ಕೂಸಿನ ಬಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ. ಕಪ್ಪಾಗೋದು ಮಲ, ಅದಕ್ಕ ಅಂಜಬ್ಯಾಡ. ಸರ್ಕಾರಿ ದವಾಖಾನ್ಯಾಗ ಕೊಡೋದರಾಗ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರ್ತದ. ನಮ್ಮ ಕಡಿ ಉಂಡ ಕೈ ತೊಳಿಯೋದ್ರಾಗ ಚಾ ಬರ್ತದಲ್ಲ, ಅದೇ ತೊಂದ್ರಿ. ಚಾದ ಜೋಡಿ ನುಂಗಿದ್ರ ಕಬ್ಬಿಣ ಮೈಗೆ ಹತ್ತಂಗಿಲ್ಲ. ಪೇರಲಹಣ್ಣು ಇಲ್ಲಾ ನಿಂಬಿ ನೀರಿನ ಜೋಡಿ ತಗೋ, ಚಲೋ ಹತ್ತತದ. ಕ್ಯಾಲ್ಸಿಯಂ ಗುಳಗಿ ಬ್ಯಾರೆ ಹೊತ್ತಿಗೆ ಇಟ್ಕೋ. ಖಾಲಿ ಹೊಟ್ಟ್ಯಾಗ ಸಂಕಟ ಆದ್ರ ಊಟ ಆದ ಮ್ಯಾಲೆ ನುಂಗು. ಹೊಟ್ಟಿ ಭಾಳ ಕಟ್ಟಿದ್ರ ಡಾಕ್ಟರಿಗೆ ಹೇಳು, ಗುಳಗಿ ಬದಲು ಮಾಡಿ ಕೊಡ್ತಾರ.

ಚಿತ್ತಾಪುರ:
ನಾ ಬಸರಿದ್ದಾಗ ಮನ್ಯಾಗ ಎಲ್ಲಾರೂ "ಹಗುರ ಉಣ್ಣು" ಅಂತ ಬರೀ ಬಿಳಿ ಅನ್ನ, ತಿಳಿ ಸಾರು ಕೊಡ್ತಿದ್ರು. ಅದರಾಗ ನಾರು ಎಲ್ಲಿ ಬರಬೇಕ್ರಿ? ಮತ್ತ ಬಿಸಿ ಜ್ವಾಳದ ರೊಟ್ಟಿ, ಮೆಂತ್ಯ ಪಲ್ಯ, ಕುದಿಸಿದ ಹೆಸರುಕಾಳು ಉಣ್ಣಾಕ ಚಾಲೂ ಮಾಡಿದ ಮ್ಯಾಲೇ ಹೊಟ್ಟಿ ಹಾದಿಗೆ ಬಂತು. ಮೊಳಕಿಕಾಳು ಹಸೀದು ಬ್ಯಾಡ, ಬೇಯಿಸೇ ತಿನ್ನು. ನೀರು ಕಡಿಮಿ ಕುಡದು ನಾರು ಹೆಚ್ಚು ಮಾಡಿದ್ರ ಇನ್ನೂ ಬಿಗಿತದ, ಅದಕ್ಕ ಗಳಿಗಿಗೊಮ್ಮೆ ನೀರು. ಬಿಸಲಿಗೆ ರೊಟ್ಟಿ ಸೇರದಿದ್ರ ಜ್ವಾಳದ ನುಚ್ಚು, ಮಜ್ಜಿಗಿ, ಬಾಯಿಗೆ ಉಳ್ಳಾಗಡ್ಡಿ.

ಮತ್ತ ಬ್ಯಾಳಿ ಗಟ್ಟಿ ಹಾಕಿಸ್ಕೋ. ನಮ್ಮ ಕಲಬುರಗಿ ತೊಗರಿಬ್ಯಾಳಿಗೆ 2019ರಾಗ ಜಿಐ ಮಾನ್ಯತೆ (ಈ ಸೀಮಿದೇ ಮಾಲು ಅನ್ನೋ ಸರ್ಕಾರಿ ಗುರುತು) ಸಿಕ್ಕದ, ನಾಡಿಗೆಲ್ಲ ಕಳಸ್ತೀವಿ. ಮನಿ ಬಸರಿಗೆ ಮಾತ್ರ ಮ್ಯಾಲಿನ ತಿಳಿ! ಇದ್ಯಾವ ನ್ಯಾಯ?

ಆಳಂದ:
ಎದಿ ಉರಿದು ನಾ ಹೇಳ್ತೀನಿ. ಬಸರಿದ್ದಾಗ ಹಾರ್ಮೋನಿನಿಂದ ಜಠರದ ಬಾಯಿ ಸಡ್ಲ ಆಗ್ತದ, ಕೂಸು ಬೆಳದಂಗ ಕೆಳಗಿಂದ ಒತ್ತತದ, ಹುಳಿ ಮ್ಯಾಲೆ ಬರ್ತದ. ಅದಕ್ಕ ಏನು ಉಂಡಿ ಅನ್ನೋದಕ್ಕಿಂತ ಯಾವಾಗ, ಎಷ್ಟು ಉಂಡಿ ಅನ್ನೋದು ದೊಡ್ಡದು. ಎರಡು ಹೊತ್ತಿನ ದೊಡ್ಡ ಊಟ ಬಿಟ್ಟು ಸಣ್ಣ ಸಣ್ಣ ಐದಾರು ಸಲ ಮಾಡು. ರಾತ್ರಿ ಜಲ್ದಿ ಉಂಡು, ಎರಡು-ಮೂರು ತಾಸು ಬಿಟ್ಟು ಮಲಕ್ಕೋ. ತಲಿ ಕಡಿ ಎತ್ತರ, ಎಡಮಗ್ಗಲು. ಪುಂಡಿ ಪಲ್ಯ, ಕೆಂಪು ಖಾರ, ಮಿರ್ಚಿ ಭಜಿ ಬಿಡ್ಲಾಕ ಆಗಂಗಿಲ್ಲಂದ್ರ ಮಧ್ಯಾಹ್ನಕ್ಕ ತಿನ್ನು, ರಾತ್ರಿ ಮುಟ್ಟಬ್ಯಾಡ. ಸೇಡಂ ಅಕ್ಕ ಹೇಳಿದ ನಿಂಬಿ ನಂಗ ಉರಿ ಹೆಚ್ಚು ಮಾಡ್ತಿತ್ತು. ನಿಂಗೂ ಹಂಗಾದ್ರ ಪೇರಲಾನೇ ಚಲೋ. ಸೋಡಾ ಪುಡಿ ನಿನ್ನಷ್ಟಕ್ಕ ನೀನೇ ಕುಡಿಬ್ಯಾಡ, ಅದರಾಗ ಸೋಡಿಯಂ ಇರ್ತದ.

ಯಾದಗಿರಿ:
ಮಣ್ಣು, ಬಳಪ ತಿನ್ನಬೇಕು ಅನಸ್ತದೇನು? ನಂಗ ಅನಸ್ತಿತ್ತು, "ಬಯಕಿ" ಅಂತ ಎಲ್ಲಾರೂ ನಕ್ಕರು. ತಪಾಸಣಿ ಮಾಡಿಸಿದ್ರ ರಕ್ತ ಕಡಿಮಿ. ಬಸರಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗ ಇದ್ರ ರಕ್ತಹೀನತೆ. ಹಂಗ ಅನಸಿದ್ರ ತಡಾ ಮಾಡಬ್ಯಾಡ, ಹೇಳು.

ಜೇವರ್ಗಿ (ಅಂಗನವಾಡಿ):
ನಮ್ಮ ಅಂಗನವಾಡಿಯ ಮಾತೃಪೂರ್ಣ ಊಟ 2017ರ ಅಕ್ಟೋಬರ್ 2ರಿಂದ ಬಸರಿ, ಬಾಣಂತಿಯರಿಗೇ ಅಂತ ಅದ. ಹೆಸರು ಬರಿಸು, ನಾಚಬ್ಯಾಡ. ತಿಂಗಳ 9ನೇ ತಾರೀಖಿಗೆ ಸರ್ಕಾರಿ ದವಾಖಾನ್ಯಾಗ ಬಸರಿಯರ ತಪಾಸಣಿ ಪುಕ್ಕಟೆ. ಮಾರಿ ಬಾತು ತಲಿ ಸಿಡದ್ರ, ಕಣ್ಣು ಮಂಜಾದ್ರ, ನೀರೂ ನಿಲ್ಲದಂಗ ವಾಂತಿ ಆದ್ರ ಮನಿಮದ್ದು ಬ್ಯಾಡ, ಆ ದಿನಾನೇ ದವಾಖಾನಿಗೆ ಹೋಗು.

ಕಲಬುರಗಿಯಿಂದ:
ಎಲ್ಲಾರಿಗೂ ಶರಣ್ರೀ. ಚಾ ಪೂರ್ತಿ ಬಿಡಬೇಕೇನ್ರಿ? ಬಿಟ್ರ ತಲಿ ನೋಯ್ತದ.

ಸೇಡಂ:
ಪೂರ್ತಿ ಯಾಕ ಬಿಡ್ತಿ? ಗುಳಗಿಗೂ ಚಾಕ್ಕೂ ನಡುವ ಎರಡು ತಾಸು ಬಿಡು. ದಿನಕ್ಕ ಎರಡು ಸಣ್ಣ ಕಪ್ ಸಾಕು. ಅತ್ತಿಯವರಿಗೆ ಈ ಮಾತೆಲ್ಲ ಓದಿ ಹೇಳು, ಗುಳಗಿ ಅವರ ಕೈಯಾಗೇ ಕೊಡು, ನೆಪ್ಪಿಟ್ಟು ಅವರೇ ಕೊಡ್ತಾರ.