ಬೀದರ್ ಗುಡ್ಡದ ಬುಡಕ್ಕೇ ಊರುಗಳು ಯಾಕೆ ಸಾಲಾಗಿ ಕೂತಿವೆ?

ಶಹಾಪುರದ ಟೀಚರ್ ಕೇಳಿದ್ದು:

ಎಲ್ಲರಿಗೂ ಶರಣು. ನಾನು ಶಹಾಪುರ ಕಡೆಯವಳು. ಎರಡು ವರ್ಷದ ಹಿಂದೆ ಬೀದರ್ ತಾಲೂಕಿನ ಒಂದು ಹಳ್ಳಿ ಶಾಲೆಗೆ ವರ್ಗವಾಗಿ ಬಂದೆ. ಊರು ಗುಡ್ಡದ ಬುಡದಲ್ಲಿದೆ. ಶಾಲೆ ಅಂಗಳದಲ್ಲಿ ನಿಂತು ತಲೆ ಎತ್ತಿದರೆ ಕೆಂಪು ದಂಡೆ ಕಾಣುತ್ತದೆ.

ನಮ್ಮ ಕಡೆ ಗುಡ್ಡ ಅಂದರೆ ಬಂಡೆಗಳ ರಾಶಿ. ಶಹಾಪುರದ ಗುಡ್ಡ ದೂರದಿಂದ ಬುದ್ಧ ಮಲಗಿದ ಹಾಗೆ ಕಾಣುತ್ತದೆ, ನೋಡಿದವರಿಗೆ ಗೊತ್ತು. ಅಲ್ಲಿ ಮಳೆ ಬಿದ್ದರೆ ನೀರು ಬಂಡೆ ಮೇಲಿಂದ ಸರ್ರನೆ ಇಳಿದು ಕೆರೆ ಸೇರುತ್ತದೆ. ಕೆರೆ ಎಲ್ಲಿದೆಯೋ ಅಲ್ಲಿ ಊರು. ಇಲ್ಲಿ ಲೆಕ್ಕವೇ ಬೇರೆ. ಗುಡ್ಡ ಹತ್ತಿ ಮೇಲೆ ಹೋದರೆ ತುದಿಯೇ ಇಲ್ಲ. ಸಪಾಟು ನೆಲ, ಅದರ ಮೇಲೆ ಇಡೀ ಬೀದರ್ ಪೇಟೆ!

ಹೋದ ತಿಂಗಳು ಏಳನೇ ತರಗತಿ ಮಕ್ಕಳಿಗೆ ತಾಲೂಕಿನ ನಕಾಶೆ ಕೊಟ್ಟು, ಗೊತ್ತಿರುವ ಊರುಗಳ ಮೇಲೆ ಬೊಟ್ಟು ಇಡಿ ಅಂದೆ. ಎಲ್ಲವೂ ಅಂತ ಹೇಳಲಾರೆ, ಆದರೆ ಬಹಳಷ್ಟು ಬೊಟ್ಟುಗಳು ಗುಡ್ಡದ ಅಂಚಿನ ಸುತ್ತ ಸರ ಪೋಣಿಸಿದ ಹಾಗೆ ಕೂತವು. ಆಗ ಒಬ್ಬ ಹುಡುಗಿ ಎದ್ದು ಕೇಳಿದಳು: "ಮೇಡಂ, ನೀರು ತಗ್ಗಿಗೆ ಹರಿಯುತ್ತದೆ ಅಂತ ನೀವೇ ಹೇಳಿದ್ದೀರಿ. ಹಾಗಾದರೆ ತಗ್ಗಿನ ಊರಲ್ಲಿ ಜಾಸ್ತಿ ನೀರಿರಬೇಕು ಅಲ್ವಾ? ಮತ್ತೆ ನಮ್ಮ ಅತ್ತೆ ಊರಿಗೆ ಬೇಸಿಗೆಯಲ್ಲಿ ಟ್ಯಾಂಕರ್ ಯಾಕೆ ಬರುತ್ತದೆ?"

ಅವಳ ಅತ್ತೆ ಊರು ಇಲ್ಲಿಂದ ಕೆಳಗೆ, ಮಾಂಜ್ರಾ ನದಿ ಕಡೆ, ನಾಲ್ಕು ಕಿಲೋಮೀಟರ್. ನಮ್ಮೂರ ಬಾವಿಯಲ್ಲಿ ಏಪ್ರಿಲ್‌ನಲ್ಲೂ ಕೊಡ ಮುಳುಗುತ್ತದೆ. ನನಗೆ ಉತ್ತರ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಅಂದೆ. ಆ ನಾಳೆ ಇನ್ನೂ ಬಂದಿಲ್ಲ, ಅವಳು ದಿನಾ ನನ್ನ ಮುಖ ನೋಡುತ್ತಾಳೆ. ತಿಳಿದವರು ದಯವಿಟ್ಟು ಹೇಳಿ. ಪುಸ್ತಕದ ಮಾತು ಬೇಡ, ಮಕ್ಕಳಿಗೆ ತೋರಿಸುವ ಹಾಗಿರಲಿ.

ಕೋಟೆ ಓಣಿಯವ:

ಟೀಚರ್, ಒಂದು ಕಾರಣ ಕೋಟೆ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಮೇಲೆ ದೊಡ್ಡ ಪಟ್ಟಣ ಆಯಿತು ಅಂದಮೇಲೆ ಅದಕ್ಕೆ ಕಾಳು, ಹುಲ್ಲು, ಹಾಲು ಬೇಕು. ಅದನ್ನು ಬೆಳೆಯುವ ಜನ ಸುತ್ತ ನೆಲೆ ನಿಂತರು. ನೌಬಾದ್, ಅಲಿಯಾಬಾದ್, ಸುಲ್ತಾನಪುರ, ಈ ಹೆಸರುಗಳನ್ನೇ ನೋಡಿ. ಸುಲ್ತಾನರ ಗೋರಿಗಳಿರುವ ಅಷ್ಟೂರು ಸಹ ಗುಡ್ಡ ಇಳಿದ ಕೂಡಲೇ ಸಿಗುತ್ತದೆ.

ಆದರೆ ಟ್ಯಾಂಕರ್ ಪ್ರಶ್ನೆಗೆ ಇದು ಉತ್ತರ ಅಲ್ಲ. ಅದನ್ನು ಬಾವಿ ಕೆಲಸ ಬಲ್ಲವರು ಹೇಳಬೇಕು.

ಬಾವಿ ತೋಡುವವರ ಮಗ:

ಅಕ್ಕಾರ, ಶರಣು. ನಿಮ್ಮ ಹುಡುಗಿ ಕೇಳಿದ ಪ್ರಶ್ನೆಯೊಳಗೇ ನಮ್ಮ ಮನೆ ಮೂರು ತಲೆಮಾರು ಬದುಕಿದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಅಪ್ಪ ಬಾವಿ ತೋಡುತ್ತಿದ್ದರು. ನಾನು ಹನ್ನೆರಡು ವರ್ಷದವನಿದ್ದಾಗಿನಿಂದ ಅವರ ಜೊತೆ ಬುಟ್ಟಿ ಎಳೆದಿದ್ದೇನೆ. ಗುಡ್ಡದ ಮೇಲೆ ಬಾವಿ ತೋಡಿದರೆ ಮೊದಲು ಸಿಗೋದು ಕೆಂಪು ಕಲ್ಲು. ಪುಸ್ತಕದಲ್ಲಿ ಜಂಬಿಟ್ಟಿಗೆ ಅಂತಾರೆ, ಕರಾವಳಿಯವರು ಮುರಕಲ್ಲು ಅಂತಾರೆ. ಒಂದು ತುಂಡು ತಂದು ಮಕ್ಕಳ ಕೈಗೆ ಕೊಡಿ. ಜೇನುಹಟ್ಟಿನ ಹಾಗೆ ತುಂಬ ತೂತು. ಅದರ ಮೇಲೆ ಒಂದು ಲೋಟ ನೀರು ಹಾಕಿದರೆ ಹರಿದು ಹೋಗೋದಿಲ್ಲ, ಒಳಗೆ ಇಳಿಯುತ್ತದೆ. ಹೊಸದಾಗಿ ತೋಡಿದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಬೀದರ್ ಕೋಟೆಯ ಮೂರು ಸುತ್ತಿನ ಕಂದಕ ಕೊರೆದಿರೋದು ಈ ಕಲ್ಲಿನಲ್ಲೇ.

ಈ ಕೆಂಪು ಕಲ್ಲಿನ ಹೊದಿಕೆ ಕೆಲವು ಕಡೆ 30 ಮೀಟರ್ ತನಕ ಇದೆ. ಅದು ಮುಗಿದಲ್ಲಿ ಬಣ್ಣ ಬದಲಾಗುತ್ತದೆ. ಹಳದಿ, ಬಿಳಿ, ಕೆಲವೊಮ್ಮೆ ನೇರಳೆ ಬಣ್ಣದ ಜಾರುವ ಮಣ್ಣು ಬರುತ್ತದೆ, ಗೋಡೆಗೆ ಬಳಿಯುವ ಶೇಡಿಯ ಹಾಗೆ. ಅದರ ಕೆಳಗೆ ಕರಿಕಲ್ಲು. ಆ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಭೂಮಿ ಬಿರಿದು ಹರಿದ ಲಾವಾ. ಅದರ ಮೇಲ್ಭಾಗವೇ ಲಕ್ಷಾಂತರ ವರ್ಷ ಮಳೆಗೆ ಬಿಸಿಲಿಗೆ ಕೊಳೆತು ಕೆಂಪು ಕಲ್ಲಾಗಿದೆ. ಅಂದರೆ ಎರಡೂ ಒಂದೇ ತಾಯಿ ಮಕ್ಕಳು.

ನೀರಿನ ಗುಟ್ಟು ಇರೋದು ಆ ಜಾರುವ ಮಣ್ಣಿನಲ್ಲಿ. ಮೇಲಿಂದ ಇಳಿದ ಮಳೆ ಅಲ್ಲಿ ಬಂದು ನಿಲ್ಲುತ್ತದೆ. ಮುಂದೆ ಇಳಿಯೋಕೆ ದಾರಿ ಇಲ್ಲ. ಆಗ ಅಡ್ಡಕ್ಕೆ ಸರಿಯುತ್ತದೆ. ಮೆಲ್ಲಗೆ, ತಿಂಗಳುಗಟ್ಟಲೆ. ಗುಡ್ಡದ ಪಕ್ಕ ಎಲ್ಲಿ ಕಡಿದ ಹಾಗೆ ಇಳಿದಿದೆಯೋ ಅಲ್ಲಿ ಹೊರಗೆ ಬರುತ್ತದೆ. ಅದೇ ಝರಿ. ಪಾಪನಾಶದ ಕೊಳ್ಳ ನೋಡಿ. ನಾನಕ್ ಝೀರಾ ನೋಡಿ, ಹೆಸರಲ್ಲೇ ಝರಿ ಇದೆ. ಝರಣಿ ನರಸಿಂಹನ ಗುಹೆಗೆ ಎದೆಮಟ್ಟದ ನೀರಲ್ಲಿ ನಡೆದು ಹೋಗುತ್ತೀರಿ, ಆ ನೀರು ಗುಡ್ಡದ ಹೊಟ್ಟೆಯೊಳಗಿನದು. ದೇವರು, ಗುರುಗಳು ಸಹ ನೀರು ಹೊರಗೆ ಬರುವ ಜಾಗದಲ್ಲೇ ನೆಲೆ ನಿಂತರು. ಹಳ್ಳಿಯವರು ಬೇರೆ ಎಲ್ಲಿ ಹೋಗುತ್ತಾರೆ?

ನಿಮ್ಮ ಮಕ್ಕಳು ಇಟ್ಟ ಬೊಟ್ಟಿನ ಸಾಲು ಅದು. ಮೇಲೆ ಕೆಂಪು, ಕೆಳಗೆ ಕಪ್ಪು, ನಡುವೆ ಗೆರೆ. ಗೆರೆ ಹಿಡಿದು ಊರು.

ಹಳೆಯವರಿಗೆ ಇದು ಎಷ್ಟು ಚೆನ್ನಾಗಿ ಗೊತ್ತಿತ್ತು ಅನ್ನೋದಕ್ಕೆ ನೌಬಾದಿನ ಸುರಂಗ ಬಾವಿ ಸಾಕ್ಷಿ, ಕರೇಜ್ ಅಂತಾರಲ್ಲ, ಅದೇ. ಬಹಮನಿ ಕಾಲದ್ದು. ನೀರು ತಾನಾಗಿ ಹೊರಗೆ ಬರಲಿ ಅಂತ ಕಾಯದೆ, ಕೆಂಪು ಕಲ್ಲಿನೊಳಗೆ ಸುಮಾರು 3 ಕಿಲೋಮೀಟರ್ ಸುರಂಗ ಕೊರೆದು, ಸ್ವಲ್ಪವೇ ಇಳಿಜಾರು ಕೊಟ್ಟು ನೀರು ನಡೆಸಿದ್ದಾರೆ. ನಡುನಡುವೆ ಮೇಲಿಂದ ಬಾವಿಯಂಥ ಬಾಯಿಗಳು. ಮಣ್ಣು ತೆಗೆಯೋಕೆ, ಗಾಳಿ ಬೆಳಕಿಗೆ, ನೀರು ಸೇದೋಕೆ. ಮೊದಲ ಸಲ ಅದರೊಳಗೆ ಬಗ್ಗಿ ನೋಡಿದಾಗ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇದನ್ನು ತೋಡಿದವರ ಕೈ ಮುಟ್ಟಿ ನಮಸ್ಕಾರ ಮಾಡಬೇಕಿತ್ತು" ಅಂದರು.

ಅಪ್ಪನಿಗೊಂದು ನಿಯಮ ಇತ್ತು. ಬಾವಿಯ ಗೋಡೆ ಬೆವರೋಕೆ ಶುರುವಾದರೆ ಹಾರೆ ನಿಧಾನ ಮಾಡು. ಜಾರುವ ಮಣ್ಣು ಬಂದರೆ ಮುಷ್ಟಿಯಲ್ಲಿ ಹಿಂಡಿ ನೋಡು. ಬೆರಳ ಸಂದಿಯಿಂದ ಬೆಣ್ಣೆ ಹಾಗೆ ಬಂದರೆ ನಿಲ್ಲಿಸು. "ಅದು ಗಡಿಗೆಯ ತಳ, ತಳಕ್ಕೆ ತೂತು ಹಾಕಬಾರದು" ಅನ್ನುತ್ತಿದ್ದರು. ಒಬ್ಬ ಸಾಹುಕಾರರು ಇನ್ನೂ ಹತ್ತು ಅಡಿ ಇಳಿಸು, ಕೂಲಿ ಜಾಸ್ತಿ ಕೊಡ್ತೀನಿ ಅಂದಾಗ ಹಾರೆ ಎತ್ತಿಕೊಂಡು ಮನೆಗೆ ಬಂದುಬಿಟ್ಟರು. ಅವತ್ತು ಮನೆಯಲ್ಲಿ ಜೋಳದ ಹಿಟ್ಟು ಇರಲಿಲ್ಲ, ನನಗೆ ನೆನಪಿದೆ.

ಒಂದು ಸಂಕಟವನ್ನೂ ಹೇಳಬೇಕು. ಬೀದರಿಗೆ ವರ್ಷಕ್ಕೆ ಸುಮಾರು 850 ಮಿಲಿಮೀಟರ್ ಮಳೆ ಬರುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅದನ್ನು ಕುಡಿಯುವ ಬಾಯಿ ಗುಡ್ಡದ ಮೇಲಿನ ಬಯಲು. ಆ ಬಯಲಿನ ಮೇಲೆ ಈಗ ಲೇಔಟು, ಸಿಮೆಂಟ್ ರಸ್ತೆ. ಕೆಂಪು ಕಲ್ಲನ್ನು ಇಟ್ಟಿಗೆ ಹಾಗೆ ಕೊಯ್ದು ಸಾಗಿಸಿ ದೊಡ್ಡ ಗುಂಡಿ ಬಿಡುತ್ತಾರೆ. ನಮ್ಮೂರ ಝರಿ ನಾನು ಸಣ್ಣವನಿದ್ದಾಗ ಯುಗಾದಿ ದಾಟಿ ಹರಿಯುತ್ತಿತ್ತು. ಈಗ ಶಿವರಾತ್ರಿಗೆ ಬರೀ ಒದ್ದೆ ಕಲ್ಲು. ಮಳೆ ಕಡಿಮೆಯಾಗಿದೆ ಅಂತ ಜನ ಸುಮ್ನೆ ಮಳೆಯನ್ನು ಬೈಯುತ್ತಾರೆ. ಬಾಯಿ ಮುಚ್ಚಿರೋದು ನಾವು.

ಔರಾದ್ ಕಡೆಯವ:

ಅಣ್ಣಾರ, ಬಾವಿ ಮಾತು ಓದಿ ಕಣ್ಣು ತುಂಬಿತು. ನಾನು ಮಾಂಜ್ರಾ ದಾಟಿದ ಮೇಲಿನವನು. ಅತ್ತೆ ಊರಿನ ಬಗ್ಗೆ ನಾನು ಹೇಳುತ್ತೇನೆ, ಅದು ನಮ್ಮಂಥದ್ದೇ ನೆಲ.

ಮಾಂಜ್ರಾ ಮಹಾರಾಷ್ಟ್ರದ ಬಾಲಾಘಾಟ್ ಗುಡ್ಡದಲ್ಲಿ ಹುಟ್ಟಿ ನಮ್ಮ ಜಿಲ್ಲೆ ಹಾದು ತೆಲಂಗಾಣಕ್ಕೆ ಹೋಗುತ್ತದೆ. ನದಿ ಹತ್ತಿರ ಇದ್ದರೆ ನೀರು ಇರುತ್ತದೆ ಅಂತ ಹೊರಗಿನವರು ತಿಳಿಯುತ್ತಾರೆ. ಆದರೆ ಕಣಿವೆಯ ಎರಡೂ ಕಡೆ ಎರಿ ಭೂಮಿ, ಕೆಳಗೆ ಕರಿಕಲ್ಲು. ಎರಿ ಮಣ್ಣು ಮಳೆಗೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ, ನೀರನ್ನು ಕೆಳಗೆ ಬಿಡೋದಿಲ್ಲ. ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಹಿಂಗಾರಿಯಲ್ಲಿ ಬರೀ ಮಂಜಿಗೆ ಜೋಳ, ಕಡಲೆ ಬರುತ್ತವೆ. ಬೆಳೆಗೆ ಚಿನ್ನ, ಬಾವಿಗೆ ಬಡತನ. ಕೆಳಗಿನ ಕರಿಕಲ್ಲಿನಲ್ಲಿ ಸೀಳು ಇದ್ದರೆ ಮಾತ್ರ ನೀರು.

ನಮ್ಮ ಊರುಗಳು ನದಿ ದಂಡೆಗೆ ಅಂಟಿಕೊಂಡಿಲ್ಲ, ಗಮನಿಸಿ. ಎತ್ತರದ ಮೊರಂ ದಿಬ್ಬ, ಅಂದರೆ ಗರಸು ಮಣ್ಣಿನ ದಿಬ್ಬ ಹುಡುಕಿ ಕೂತಿವೆ. ಒಂದು, ಮಳೆಗಾಲದ ಹೊಳೆಯ ಭಯ. ಎರಡು, ಎರಿ ಮೇಲೆ ಗೋಡೆ ಕಟ್ಟಿದರೆ ಬೇಸಿಗೆಯಲ್ಲಿ ನೆಲ ಬಿರಿದು ಗೋಡೆಯೂ ಬಿರಿಯುತ್ತದೆ. ನಮ್ಮ ಅಜ್ಜಿ ಹೇಳುತ್ತಿದ್ದದ್ದು ಇನ್ನೊಂದು: ಹಗೇವು. ಮೊದಲು ಜೋಳ ಇಡೋಕೆ ನೆಲದೊಳಗೆ ಹಗೇವು ತೋಡುತ್ತಿದ್ದರು. ತಂಪು ಬಂದರೆ ಕಾಳು ಹಾಳು. ಒಣಗಿದ ಮೊರಂ ನೆಲ ಬೇಕೇ ಬೇಕು. ಹಾಗಾಗಿ ನೀವು ಝರಿ ಹುಡುಕಿ ಊರು ಕಟ್ಟಿದಿರಿ, ನಾವು ಒಣ ನೆಲ ಹುಡುಕಿ ಕಟ್ಟಿದೆವು.

ಕುಂಚಾವರಂ ಹಾದಿ:

ನಾನು ಚಿಂಚೋಳಿ ತಾಲೂಕಿನ ತಾಂಡಾದವನು. ನಮ್ಮಲ್ಲಿ ನಿಜವಾದ ಕೊಳ್ಳಗಳಿವೆ. ಕಾಡು ಗುಡ್ಡದ ನಡುವೆ ಸರನಾಲಾ ಹರಿಯುತ್ತದೆ. ಅದಕ್ಕೇ ಚಂದ್ರಂಪಳ್ಳಿ ಜಲಾಶಯ ಕಟ್ಟಿದ್ದಾರೆ. ನೀರು ಮುಂದೆ ಮುಲ್ಲಾಮಾರಿ, ಕಾಗಿಣಾ, ಭೀಮಾ ಅಂತ ಹೋಗಿ ಕೃಷ್ಣೆಗೆ. ನಿಮ್ಮದು ಮಾಂಜ್ರಾ ಹಿಡಿದು ಗೋದಾವರಿಗೆ. ನಾವು ಅಕ್ಕಪಕ್ಕದವರು, ನೀರಿನ ದಾರಿ ಮಾತ್ರ ಬೇರೆ ಬೇರೆ.

ಹಳೇ ಊರುಗಳು ಹಳ್ಳದ ಪಕ್ಕ, ಒಳ್ಳೇ ಹೊಲದ ನಡುವೆ ಇವೆ. ನಮ್ಮ ಲಂಬಾಣಿ ತಾಂಡಾಗಳು ಮೇಲೆ, ಗುಡ್ಡದ ಓರೆಯಲ್ಲಿ. ದನ ಮೇಯಿಸೋಕೆ, ಕಟ್ಟಿಗೆಗೆ ಕಾಡು ಹತ್ತಿರ ಬೇಕಿತ್ತು, ಅದು ನಿಜ. ಆದರೆ ನಾವು ಕೊನೆಗೆ ಬಂದವರು, ಕೆಳಗಿನ ನೆಲದಲ್ಲಿ ನಮಗೆ ಜಾಗ ಇರಲಿಲ್ಲ ಅನ್ನೋದೂ ಅಷ್ಟೇ ನಿಜ. ನಮ್ಮವ್ವ ಇಳಿಜಾರಲ್ಲಿ ಎರಡು ಕೊಡ ಹೊತ್ತು ಹತ್ತುತ್ತಿದ್ದಳು. 2011ರಲ್ಲಿ ಸುಮಾರು 135 ಚದರ ಕಿಲೋಮೀಟರ್ ಕಾಡು ವನ್ಯಧಾಮ ಆಯಿತು. ಅದರೊಳಗೂ ತಾಂಡಾಗಳಿವೆ.

ಟೀಚರ್, ನಿಮ್ಮ ನಕಾಶೆಯಲ್ಲಿ ಎಲ್ಲಾ ಊರಿಗೂ ಬೊಟ್ಟು ಇದೆಯೇ ನೋಡಿ. ಬಹಳ ತಾಂಡಾಗಳು ಮೊನ್ನೆ ಮೊನ್ನೆವರೆಗೆ ಕಂದಾಯ ದಾಖಲೆಯಲ್ಲಿ ಊರೇ ಅಲ್ಲ. 2023ರ ಜನವರಿ 19ರಂದು ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಮಕ್ಕಳಿಗೆ ಹೇಳಿ, ನಕಾಶೆಯಲ್ಲಿ ಇಲ್ಲದ ಊರಿನಲ್ಲೂ ಒಲೆ ಉರಿಯುತ್ತದೆ.

ಶಹಾಪುರದ ಟೀಚರ್:

ಎಲ್ಲರಿಗೂ ಕೈ ಮುಗಿದೆ. ಮೊದಲು ತಾಂಡಾದ ತಮ್ಮನಿಗೆ: ನಕಾಶೆ ತೆಗೆದು ನೋಡಿದೆ. ನಮ್ಮ ಶಾಲೆಗೆ ನಾಲ್ಕು ಮಕ್ಕಳು ಬರುವ ತಾಂಡಾ ಅದರಲ್ಲಿ ಇಲ್ಲ. ಆ ನಾಲ್ವರ ಕೈಯಲ್ಲೇ ಕೆಂಪು ಪೆನ್ನಿನಿಂದ ಬೊಟ್ಟು ಇಡಿಸಿದೆ.

ಬಾವಿ ಅಣ್ಣಾರು ಹೇಳಿದ ಹಾಗೆ ಕಲ್ಲಿನ ಮೇಲೆ ನೀರು ಹಾಕಿ ತೋರಿಸಿದೆ. ಪಕ್ಕದಲ್ಲಿ ಕರಿಕಲ್ಲಿನ ತುಂಡು, ಅದರ ಮೇಲೂ ನೀರು. ಕರಿಕಲ್ಲಿನ ನೀರು ಬೆಂಚಿನಿಂದ ಇಳಿದು ಒಬ್ಬನ ಪುಸ್ತಕ ನೆನೆಸಿತು. ಕೆಂಪು ಕಲ್ಲಿನದು ಮಾಯ. ಆ ಹುಡುಗಿ ತಾನೇ ಹೇಳಿದಳು: "ಮೇಡಂ, ನಮ್ಮ ಊರು ಕಲ್ಲೊಳಗಿನ ನೀರು ಕುಡಿಯುತ್ತದೆ."

ಆಮೇಲೆ ಎಲ್ಲರೂ ಗುಡ್ಡದ ಪಕ್ಕ ಹತ್ತಿದೆವು. ಕೆಂಪು ಮುಗಿದು ಬಿಳಿ ಮಣ್ಣು ಕಾಣುವ ಜಾಗ ಮಕ್ಕಳೇ ಹುಡುಕಿದರು. ಹಿಂಡಿದರೆ ಬೆರಳ ಸಂದಿಯಿಂದ ಬಂತು! ಅಲ್ಲೇ ಒಂದು ಹಳೇ ಕಲ್ಲಿನ ದೋಣಿ ಇದೆ, ದನಕ್ಕೆ ನೀರು ಕುಡಿಸೋದು. ಹೂಳು ತುಂಬಿದೆ, ಮೇಲೆ ಮುಳ್ಳಿನ ಪೊದೆ. ಊರಿನ ಹಿರಿಯರೊಬ್ಬರು ಅಲ್ಲಿ ಮೊದಲು ವರ್ಷ ಪೂರ್ತಿ ನೀರು ಬೀಳುತ್ತಿತ್ತು ಅಂದರು. ಅದನ್ನು ತೆರವು ಮಾಡಬಹುದೇ? ತಪ್ಪಾಗಿ ತೋಡಿ ಇರುವುದನ್ನೂ ಕೆಡಿಸುತ್ತೇವೆ ಅಂತ ಭಯ.

ಬಾವಿ ತೋಡುವವರ ಮಗ:

ಅಕ್ಕಾರ, ಮುಟ್ಟಬೇಡಿ. ಮಕ್ಕಳು ಮುಳ್ಳು ಕಡಿದರೆ ಸಾಕು, ಹೂಳಿಗೆ ಕೈ ಹಾಕೋದು ಬೇಡ. ನೀರು ಬರುವ ಸಂದು ಕಲ್ಲಿನ ಹಿಂದೆ ಇರುತ್ತದೆ, ಗುದ್ದಲಿ ಜೋರಾಗಿ ಬಿದ್ದರೆ ಮುಚ್ಚಿಕೊಳ್ಳುತ್ತದೆ. ಅದನ್ನು ಕೈಯಲ್ಲೇ ಬಿಡಿಸಬೇಕು.

ಅಲ್ಲಿತನಕ ಒಂದು ಕೆಲಸ ಮಾಡಿಸಿ. ಒಂದು ಹಗ್ಗಕ್ಕೆ ಕಲ್ಲು ಕಟ್ಟಿ, ಅಡಿಗೊಂದು ಗಂಟು ಹಾಕಿ. ಪ್ರತಿ ಅಮಾವಾಸ್ಯೆಗೆ ನಿಮ್ಮೂರ ಬಾವಿಯಲ್ಲಿ ನೀರು ಎಷ್ಟು ಗಂಟು ಕೆಳಗಿದೆ ಅಂತ ಬರೆಸಿ. ಆ ಹುಡುಗಿ ಅತ್ತೆ ಊರಿಗೆ ಹೋದಾಗ ಅದೇ ಹಗ್ಗ ಒಯ್ಯಲಿ.

ದೀಪಾವಳಿ ಮುಗಿದ ಸೋಮವಾರ ನಾನು ಬರುತ್ತೇನೆ. ಅಪ್ಪನೂ ಬರುತ್ತಾರಂತೆ. ಮೊಣಕಾಲು ನೋವು, ಗುಡ್ಡ ಹತ್ತೋಕೆ ಆಗೋದಿಲ್ಲ ಅಂದೆ. ಕೇಳಲಿಲ್ಲ, ಮೂಲೆಯಲ್ಲಿದ್ದ ಸಣ್ಣ ಹಾರೆ ಆಗಲೇ ತೆಗೆದು ಒರೆಸುತ್ತಿದ್ದಾರೆ.