ಭಾವ, ಗುಳಿಗೆ ಮುಗಿದರೆ ಸಾಲದು, ಪರೀಕ್ಷೆ ಆಗಬೇಕು

ಭಾವ, ಇಷ್ಟೆಲ್ಲ ಬೆರಳಿನಲ್ಲಿ ಒತ್ತುತ್ತ ಕುಳಿತರೆ ಸಂಜೆಯಾಗುತ್ತದೆ, ಅದಕ್ಕೇ ಮಾತಿನಲ್ಲಿ ಕಳಿಸುತ್ತಿದ್ದೇನೆ. ಅತ್ತಿಗೆಯೂ ಪಕ್ಕದಲ್ಲಿ ಕುಳಿತು ಕೇಳಲಿ.

14 ದಿನದ ಗುಳಿಗೆ ಮುಗಿಯಿತು, ಹೊಟ್ಟೆಯ ಉರಿ ನಿಂತಿದೆ, ಇನ್ನು ಪರೀಕ್ಷೆಗೆಂದು ಶಿರಸಿಯಿಂದ ಹುಬ್ಬಳ್ಳಿಗೆ ಮತ್ತೆ ಓಡಾಟ ಏಕೆ, ಹೇಗೂ ಹೊಟ್ಟೆಯಲ್ಲಿ ಹುಣ್ಣು ತರುವ ಈ ಎಚ್. ಪೈಲೋರಿ ಬ್ಯಾಕ್ಟೀರಿಯಾ ವರ್ಷದೊಳಗೆ ತಿರುಗಿ ಬರುವಂಥದ್ದೇ ಎಂದು ಬರೆದಿದ್ದೀರಿ. ಕಾರವಾರದ ಚಿಕ್ಕಪ್ಪನೂ ಅದಕ್ಕೆ ಹೌದು ಎಂದಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ.

ಮೊದಲ ವರ್ಷದಲ್ಲೇ ತಿರುಗಿ ಬಂತು ಎನ್ನುವವರಲ್ಲಿ ಬಹುಪಾಲು ಅದು ಹೋಗಿಯೇ ಇರುವುದಿಲ್ಲ. ಈ ಬ್ಯಾಕ್ಟೀರಿಯಾ ಜಠರದ ಲೋಳೆಯೊಳಗೆ ಸೇರಿಕೊಂಡು, ಯೂರಿಯಾ ಒಡೆದು ಅಮೋನಿಯಾ ಮಾಡಿ, ತನ್ನ ಸುತ್ತಲಿನ ಆಮ್ಲವನ್ನು ತಣಿಸಿಕೊಂಡು ಬದುಕುತ್ತದೆ. ಅಡಿಕೆಗೆ ಕೊಳೆರೋಗ ಬಾರದಿರಲೆಂದು ಬೋರ್ಡೋ ದ್ರಾವಣ ಹೊಡೆಯುವಾಗ ನಾಲ್ಕು ಮರ ಬಿಟ್ಟರೆ ತೋಟದ ಗತಿ ಏನಾಗುತ್ತದೆ ಎಂದು ನಿಮಗೆ ಹೇಳಬೇಕೇ? ಅಳಿದುಳಿದದ್ದು ಮತ್ತೆ ಹೆಚ್ಚುತ್ತದೆ. ಅದರ ಮೇಲೆ ನಮ್ಮ ದೇಶದಲ್ಲಿ ಮೆಟ್ರೊನಿಡಜೋಲ್, ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯೋಟಿಕ್‌ಗಳಿಗೆ ಬಗ್ಗದ ತಳಿಗಳು ಬಹಳ. ಆದ್ದರಿಂದ ಒಂದೂ ಗುಳಿಗೆ ತಪ್ಪಿಸದವರಲ್ಲಿಯೂ ಕೆಲವೊಮ್ಮೆ ಮೊದಲ ಸುತ್ತು ಸೋಲುತ್ತದೆ.

ನಿರ್ಮೂಲವಾಗಿದೆ ಎಂದು ಪರೀಕ್ಷೆಯಲ್ಲಿ ಖಚಿತವಾದ ದೊಡ್ಡವರ ಕತೆಯೇ ಬೇರೆ. ಹೊಸ ಸೋಂಕು ತಗಲುವುದು ಹೆಚ್ಚಾಗಿ ಬಾಲ್ಯದಲ್ಲಿ, ಅದೂ ಮನೆಯೊಳಗಿನವರಿಂದ. ನಮ್ಮಂಥ ದೇಶಗಳಲ್ಲಿ ಮರುಸೋಂಕು ಶ್ರೀಮಂತ ದೇಶಗಳಿಗಿಂತ ಹೆಚ್ಚು, ಅದು ನಿಜ; ಆದರೂ ಹೆಚ್ಚಿನವರಲ್ಲಿ ವರ್ಷಗಟ್ಟಲೆ ಅದರ ಸುಳಿವಿರುವುದಿಲ್ಲ, ಹುಣ್ಣೂ ಮರುಕಳಿಸುವುದಿಲ್ಲ. ನಮ್ಮ ಅಜ್ಜನನ್ನು ನೆನೆದರೆ ಇದು ಎಂಥ ಭಾಗ್ಯ ಎಂದು ನನಗೆ ಅನಿಸುತ್ತದೆ. ಜೀವಮಾನವಿಡೀ ಊಟದ ಬಳಿಕ ಸೋಡಾಪುಡಿ ನೆಕ್ಕಿ, ಚೊಕ್ಕದಾದ ಅಪ್ಪೆಹುಳಿಯನ್ನೂ ದೂರ ತಳ್ಳಿ, ಎಲ್ಲವೂ ಖಾರದ್ದು, ಚಿಂತೆಯದ್ದು ಎಂದೇ ನಂಬಿ ಹೋದರು. ಆಸ್ಟ್ರೇಲಿಯಾದ ಪರ್ತ್‌ನ ವೈದ್ಯರಾದ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಇಬ್ಬರೂ ಹುಣ್ಣಿಗೆ ಕಾರಣ ಬ್ಯಾಕ್ಟೀರಿಯಾ ಎಂದಾಗ ವೈದ್ಯರೇ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇಷ್ಟು ಕಷ್ಟದಿಂದ ದೊರೆತ ಮದ್ದನ್ನು ನೀವು ಅರ್ಧದಲ್ಲಿ ಬಿಡುವುದು ನನಗೆ ಸಹಿಸದು.

ನಿಮ್ಮದು ಅರ್ಧವೇ ಆಗಿರುವುದು, ಭಾವ. ಬಾಯಲ್ಲಿ ಸದಾ ಕಬ್ಬಿಣ ಕಚ್ಚಿದ ರುಚಿ, ಮದ್ದಿನಲ್ಲಿದ್ದ ಬಿಸ್ಮತ್‌ನಿಂದ ನಾಲಿಗೆಯೂ ಮಲವೂ ಕಪ್ಪು. ಇಷ್ಟಾದರೂ ನೀವು ಬಿಡದೆ ನುಂಗಿದಿರಿ. ಇನ್ನು ಉಳಿದದ್ದು ಒಂದು ಪರೀಕ್ಷೆ. ಉರಿ ನಿಂತಿತು ಎಂಬುದು ಸಾಕ್ಷಿಯಲ್ಲ. ಅದು ಆಮ್ಲ ತಗ್ಗಿಸುವ ಗುಳಿಗೆಯ ಕೆಲಸವೂ ಆಗಿರಬಹುದು.

ಆಂಟಿಬಯೋಟಿಕ್ ಮುಗಿದು ಕನಿಷ್ಠ 4 ವಾರ ಕಳೆಯಬೇಕು. ಉಸಿರಿನ ಯೂರಿಯಾ ಪರೀಕ್ಷೆ ಇಲ್ಲವೇ ಮಲದಲ್ಲಿ ಬ್ಯಾಕ್ಟೀರಿಯಾದ ಅಂಶ ಹುಡುಕುವ ಆಂಟಿಜೆನ್ ಪರೀಕ್ಷೆ, ಎರಡರಲ್ಲಿ ಒಂದು. ಆಮ್ಲ ತಗ್ಗಿಸುವ ಪಾಂಟೊಪ್ರಜೋಲ್‌ನಂಥ ಗುಳಿಗೆಯನ್ನು 2 ವಾರ ಮೊದಲೇ ನಿಲ್ಲಿಸಿರಬೇಕು, ಇಲ್ಲದಿದ್ದರೆ ಸೋಂಕು ಇದ್ದೂ ಇಲ್ಲವೆಂದು ಬರಬಹುದು. ಆದರೆ ನೀವು ಹೃದಯಕ್ಕೆ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದೀರಿ, ಹಾಗಾಗಿ ವೈದ್ಯರನ್ನು ಕೇಳದೆ ಯಾವುದನ್ನೂ ನಿಲ್ಲಿಸಬೇಡಿ. ಚಿಕ್ಕಪ್ಪ ಹೇಳಿದ ರಕ್ತ ಪರೀಕ್ಷೆಯಂತೂ ಬೇಡವೇ ಬೇಡ. ಬ್ಯಾಕ್ಟೀರಿಯಾ ಸತ್ತ ಮೇಲೂ ಅದರ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯ ರಕ್ತದಲ್ಲಿ ಬಹುಕಾಲ ಉಳಿಯುತ್ತದೆ. ವರದಿ ನೋಡಿ ಎಲ್ಲರೂ ಸುಮ್ಮನೆ ಹೆದರಬೇಕಾಗುತ್ತದೆ.

ಇನ್ನೂ ಇದೆ ಎಂದು ಬಂದರೆ ಬೇರೆ ಆಂಟಿಬಯೋಟಿಕ್‌ಗಳ ಇನ್ನೊಂದು ಸುತ್ತು ಇದೆ. ಈಗ ತೆಗೆದುಕೊಂಡ ಗುಳಿಗೆಗಳ ಖಾಲಿ ಪಟ್ಟಿಗಳನ್ನು ಅತ್ತಿಗೆ ಎಸೆಯದಿರಲಿ, ವೈದ್ಯರು ಹೆಸರು ಕೇಳುತ್ತಾರೆ. ಮಲದ ಮಾದರಿಯನ್ನು ಶಿರಸಿಯಲ್ಲೇ ತೆಗೆದುಕೊಳ್ಳುತ್ತಾರೆಯೇ ಎಂದು ನಾನು ನಾಳೆ ಪ್ರಯೋಗಾಲಯಗಳಲ್ಲಿ ವಿಚಾರಿಸಿ ಇಲ್ಲೇ ತಿಳಿಸುತ್ತೇನೆ.